ಒಗ್ಗರಣೆಗೆ ರಜೆ

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸಾಸಿವೆ ಡಬ್ಬಿಗೆ ರಜೆ. ಜೀರಿಗೆ, ಇಂಗು, ಕರಿಬೇವಿಗೂ ಅಷ್ಟೆ. ಅವತ್ತು ಒಲೆಯ ಮೇಲೆ ಇಟಲಿಯ ಅಡುಗೆ. ಈ ಏರ್ಪಾಟಿಗೆ ಅತ್ತೆಯವರ ಒಪ್ಪಿಗೆಯೂ ಇಲ್ಲ, ತಕರಾರೂ ಇಲ್ಲ. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು, ಹುರುಳಿಕಾಯಿಯ ನಾರು ಬಿಡಿಸುತ್ತ ನೋಡುತ್ತಿರುತ್ತಾರೆ. “ಎಲ್ಲ ಸರಿ ಕಣೆ, ಒಗ್ಗರಣೆ ಯಾವಾಗ ಹಾಕ್ತೀಯ?” ಅನ್ನುವುದು ಅವರ ವಾರವಾರದ ಪ್ರಶ್ನೆ. “ಇದಕ್ಕೆ ಒಗ್ಗರಣೆ ಇಲ್ಲ ಅತ್ತೆ” ಅನ್ನುವುದು ನನ್ನ ವಾರವಾರದ ಉತ್ತರ. “ಪಾಪ” ಅನ್ನುತ್ತಾರೆ. ಪಾಪ ಅಂದದ್ದು ನನಗೋ, ಇಟಲಿಯವರಿಗೋ, ಬಿಡಿಸಿ ಹೇಳುವುದಿಲ್ಲ.

ಪ್ರಶ್ನೆ ನ್ಯಾಯವಾದದ್ದೇ. ಕೂಡಿಸುತ್ತ ಹೋಗುವುದು ನಮ್ಮ ಕೈಗೆ ಹತ್ತಿದ ವಿದ್ಯೆ. ಹುಳಿಗೆ ಬೆಲ್ಲ, ಬೆಲ್ಲಕ್ಕೆ ಖಾರ, ಖಾರಕ್ಕೆ ಕಾಯಿ, ಎಲ್ಲ ಮುಗಿದ ಮೇಲೆ ಚುಂಯ್ ಎಂದು ಒಂದು ಒಗ್ಗರಣೆ. ಹತ್ತು ಹದಿನೈದು ಸಾಮಾನು ಒಂದರಲ್ಲೊಂದು ಕರಗಿ, ಯಾವುದು ಯಾವುದೆಂದು ನಾಲಿಗೆಗೆ ಗೊತ್ತಾಗದಂತಾದಾಗ ಹದವಾಯಿತು ಅನ್ನುತ್ತೇವೆ. ಇಟಲಿಯ ಹೆಸರುವಾಸಿ ಅಡುಗೆಗಳ ಸಾಮಾನಿನ ಪಟ್ಟಿ ಮಾತ್ರ ಬಸ್ ಟಿಕೆಟ್ಟಿನ ಹಿಂಬದಿಗೆ ಸಾಕು. ಆಲ್ಯೊ ಎ ಓಲ್ಯೊಗೆ ಸ್ಪಗೆಟಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ, ಉಪ್ಪು. ಕಾಚೊ ಎ ಪೇಪೆಗೆ ಅದಕ್ಕಿಂತಲೂ ಕಡಿಮೆ: ಪಾಸ್ತಾ, ಪೆಕೊರಿನೊ ಚೀಸ್, ಕಾಳುಮೆಣಸು. ಇಷ್ಟು ಚಿಕ್ಕ ಸಂಸಾರಕ್ಕೆ ಇನ್ನೊಬ್ಬರು ಬಂದು ಸೇರಿದರೆ ಕೂಡಲೇ ಗೊತ್ತಾಗುತ್ತದೆ. ಮನೆಯಲ್ಲಿ ಈ ಅಡುಗೆ ಮಾಡುವವರಿಗಿರುವ ನಿಜವಾದ ಕಷ್ಟ ಇದೊಂದೇ. ಕೈಯನ್ನು ಮಸಾಲೆ ಡಬ್ಬಿಯ ಕಡೆ ಹೋಗದಂತೆ ತಡೆದುಕೊಂಡು ನಿಲ್ಲಬೇಕು.

ನಮ್ಮ ಮದುವೆ ಮನೆಗಳಲ್ಲಿ ಈಗ ಚಾಟ್ ಕೌಂಟರಿನ ಪಕ್ಕದಲ್ಲೇ ಪಾಸ್ತಾ ಕೌಂಟರೂ ಇರುತ್ತದೆ. ಟೋಪಿ ಹಾಕಿಕೊಂಡ ಹುಡುಗ “ರೆಡ್ಡಾ ಮೇಡಂ, ವೈಟಾ, ಮಿಕ್ಸಾ?” ಎಂದು ಕೇಳಿ, ಉತ್ತರ ಬರುವುದರೊಳಗೆ ಸ್ವೀಟ್‌ಕಾರ್ನು, ಬೇಬಿಕಾರ್ನು, ಮೂರು ಬಣ್ಣದ ದಪ್ಪಮೆಣಸಿನಕಾಯಿ, ಒಂದು ಹಿಡಿ ಚೀಸು ಬಾಣಲೆಗೆ ಹಾಕಿಬಿಟ್ಟಿರುತ್ತಾನೆ. ನಾನು ಸಾಲಿನಲ್ಲಿ ನಿಂತು ತಿಂದವಳೇ. ಮಕ್ಕಳು ಅದಕ್ಕಾಗಿಯೇ ಆರತಕ್ಷತೆಗೆ ಬರುತ್ತಾರೆ. ಅದು ಬೆಂಗಳೂರಿನ ತಿಂಡಿ, ಚೆನ್ನಾಗಿಯೇ ಇರುತ್ತದೆ. ನಾನು ಹೇಳಹೊರಟದ್ದು ಅದರ ಪೂರ್ವಿಕರ ಬಗ್ಗೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಮಾರ್ಚೆಲ್ಲಾ ಹಜಾನ್ ಅವರ ಟೊಮೆಟೊ ಸಾಸು. ಈಕೆ 1924ರಲ್ಲಿ ಆಡ್ರಿಯಾಟಿಕ್ ತೀರದ ಚೆಸೆನಾಟಿಕೊ ಎಂಬ ಊರಲ್ಲಿ ಹುಟ್ಟಿದವರು. ವಿಜ್ಞಾನ ಓದಿ ಡಾಕ್ಟರೇಟ್ ಪಡೆದವರು. 1955ರಲ್ಲಿ ಮದುವೆಯಾಗಿ ನ್ಯೂಯಾರ್ಕಿಗೆ ಹೋದಾಗ ಅಡುಗೆಯ ಗಂಧ ಇರಲಿಲ್ಲವಂತೆ. ಅಲ್ಲಿ ಕೂತು ಊರಿನ ರುಚಿಯನ್ನು ನೆನಪಿನಿಂದ ಕಟ್ಟಿಕೊಳ್ಳುತ್ತ ಕಲಿತು, 1973ರಲ್ಲಿ ಬರೆದ ಪುಸ್ತಕದಿಂದ ಇಂಗ್ಲಿಷ್ ಓದುವ ಜಗತ್ತಿಗೆಲ್ಲ ಅಡುಗೆ ಮೇಷ್ಟ್ರಾದರು. ಅವರ ಸಾಸಿಗೆ ಸುಮಾರು 800 ಗ್ರಾಂ ಟೊಮೆಟೊ, ಐದು ದೊಡ್ಡ ಚಮಚ ಬೆಣ್ಣೆ, ಸಿಪ್ಪೆ ಸುಲಿದು ಎರಡು ಹೋಳು ಮಾಡಿದ ಒಂದು ಈರುಳ್ಳಿ, ಉಪ್ಪು. ಹೆಚ್ಚುವುದಿಲ್ಲ, ಹುರಿಯುವುದಿಲ್ಲ, ಅರೆಯುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಟ್ಟರಾಯಿತು. ಮೊದಲ ಹತ್ತು ನಿಮಿಷ ಬೆಣ್ಣೆ ಒಂದು ಕಡೆ, ಟೊಮೆಟೊ ನೀರು ಒಂದು ಕಡೆ, ಮನಸ್ಸಿಗೆ ಬಾರದ ಮದುವೆಯ ಹಾಗೆ ದೂರ ದೂರ ಇರುತ್ತವೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೀರು ಇಂಗಿ, ಅಂಚಿನಲ್ಲಿ ಕಿತ್ತಳೆ ಬಣ್ಣದ ಜಿಡ್ಡು ಸಣ್ಣ ಸಣ್ಣ ಚುಕ್ಕಿಯಾಗಿ ಮೇಲೆ ಬರುತ್ತದೆ. ಆಮೇಲೆ ಸೌಟು ಎಳೆದರೆ ತಳದಲ್ಲಿ ದಾರಿ ಕಾಣುತ್ತದೆ. ಅದೇ ಹದ. ಹಸಿ ಹುಳಿಯನ್ನು ಬೆಣ್ಣೆ ಮೆತ್ತಗೆ ಮಾಡಿರುತ್ತದೆ, ಈರುಳ್ಳಿ ತನ್ನ ಸಿಹಿಯನ್ನೆಲ್ಲ ಬಿಟ್ಟುಕೊಟ್ಟಿರುತ್ತದೆ. ಬಡಿಸುವ ಮೊದಲು ಈರುಳ್ಳಿ ಹೋಳನ್ನು ತೆಗೆದುಬಿಡಬೇಕು ಅನ್ನುತ್ತಾರೆ ಹಜಾನ್. ಅತ್ತೆ ಸಹಿಸದ ವಾಕ್ಯ ಅದೊಂದು. “ಬೆಣ್ಣೆಯಲ್ಲಿ ಬೆಂದ ಈರುಳ್ಳೀನ ಎಸೀತಾರಾ?” ಎಂದು ತಟ್ಟೆಗೆ ಹಾಕಿಸಿಕೊಂಡು ಚಪಾತಿಗೆ ನಂಜಿಕೊಳ್ಳುತ್ತಾರೆ. ಅವರು ಹೇಳುವುದೇ ಸರಿ.

ಟೊಮೆಟೊ ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ನೇಪಲ್ಸ್ ಕಡೆಯವರು ವೆಸೂವಿಯಸ್ ಬೆಟ್ಟದ ಸುತ್ತಿನ ಸಾನ್ ಮಾರ್ಜಾನೊ ಎಂಬ ಉದ್ದನೆಯ ತಳಿಗೆ ಪ್ರಾಣ ಬಿಡುತ್ತಾರೆ; ಬೀಜ ಕಡಿಮೆ, ತಿರುಳು ಹೆಚ್ಚು. ನಮ್ಮ ನಾಟಿ ಟೊಮೆಟೊ ಸಾರಿಗೆ ರಾಜ, ಆದರೆ ಈ ಸಾಸಿಗೆ ಅದರ ಹುಳಿ, ನೀರು ಎರಡೂ ಜಾಸ್ತಿ. ಸಾರಿಗೆ ಬೇಡವೆಂದು ನಾವು ಮೂಗು ಮುರಿಯುವ, ಮೊಟ್ಟೆಯಾಕಾರದ ಗಟ್ಟಿ ಹೈಬ್ರಿಡ್ ಟೊಮೆಟೊ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೂರ್ತಿ ಹಣ್ಣಾಗಿರಬೇಕು, ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ತೆಗೆದಿರಬೇಕು, ಅಷ್ಟೆ. ಅಂದಹಾಗೆ ಟೊಮೆಟೊ ಇಟಲಿಗೂ ಪರದೇಶಿ. ಅಮೆರಿಕ ಖಂಡದಿಂದ ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಬಂದು, ಬಹುಕಾಲ ತೋಟದ ಅಲಂಕಾರಕ್ಕೇ ಉಳಿದಿತ್ತು. ಪಾಸ್ತಾ ಜೊತೆಗೆ ಅದು ಕಾಣಿಸಿಕೊಂಡ ಹಳೆಯ ಅಡುಗೆ ಪುಸ್ತಕಗಳಲ್ಲಿ ಹೆಸರಾದದ್ದು 1839ರದು, ಇಪ್ಪೊಲಿತೊ ಕವಲ್ಕಾಂತಿ ಎಂಬ ನೇಪಲ್ಸಿನ ಶ್ರೀಮಂತ ಬರೆದದ್ದು. ಅದಕ್ಕೂ ಮೊದಲು ಪಾಸ್ತಾವನ್ನು ಜನ ಹೆಚ್ಚಾಗಿ ಚೀಸ್ ಉದುರಿಸಿಕೊಂಡು ತಿನ್ನುತ್ತಿದ್ದರು.

ಪಾಸ್ತಾ ಬೇಯಿಸುವ ಲೆಕ್ಕ ಬಾಯಿಪಾಠಕ್ಕೆ ಸುಲಭ: 100 ಗ್ರಾಂ ಪಾಸ್ತಾ, 1 ಲೀಟರ್ ನೀರು, 10 ಗ್ರಾಂ ಉಪ್ಪು. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಿಂದ ಕಾನೂನೇ ಇದೆ. ಮೈದಾ ಬೆರೆತ ಅಗ್ಗದ ಪೊಟ್ಟಣ ತಂದರೆ ಎಷ್ಟೇ ನಿಗಾ ವಹಿಸಿದರೂ ಅಂಟಾಗುತ್ತದೆ. ಪೊಟ್ಟಣದ ಹಿಂದೆ ಡ್ಯೂರಮ್ ಅಂತ ಇದೆಯೇ ನೋಡಿಕೊಳ್ಳಿ. ನೋಡಿಕೊಂಡು ತಂದು, ನಡುವೆ ಒಂದು ಸಣ್ಣ ಬಿಳಿ ಚುಕ್ಕಿ ಉಳಿದಿರುವಾಗಲೇ ಬಸಿದು ಬಡಿಸಿದರೆ, ಹಿರಿಯರಿಂದ ಬರುವ ಮಾತು ಒಂದೇ: “ಶಾವಿಗೆ ಬೆಂದಿಲ್ಲ ಕಣೆ.” ಇಟಲಿಯವರು ಹಲ್ಲಿಗೆ ಸಿಗಬೇಕು ಅನ್ನುತ್ತಾರೆ ಎಂದು ನಾನು ವಿವರಿಸಿದಾಗ ಅತ್ತೆ “ಅವರಿಗೆ ಹಲ್ಲಿರಬಹುದು” ಅಂದರು. ಅಂದಿನಿಂದ ಅವರ ಪಾಲನ್ನು ಎರಡು ನಿಮಿಷ ಹೆಚ್ಚು ಬೇಯಿಸುತ್ತೇನೆ. ಶಾಸ್ತ್ರಕ್ಕಿಂತ ಹಲ್ಲು ಮುಖ್ಯ.

ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧವಾದ ದಿನಗಳಿಗೆ ರೋಮ್ ನಗರವೇ ಒಂದು ಅಡುಗೆ ಕೊಟ್ಟಿದೆ, ಕಾಚೊ ಎ ಪೇಪೆ. ಬರೀ ಚೀಸು, ಮೆಣಸು. ಓದಿದರೆ ಮಕ್ಕಳ ಆಟ. ಮಾಡಿದರೆ ಚೀಸು ರಬ್ಬರಿನ ಉಂಡೆಯಾಗಿ ಸೌಟಿಗೆ ಮೆತ್ತಿಕೊಂಡು, ತಟ್ಟೆಯಲ್ಲಿ ಬರೀ ನೀರು ಉಳಿಯುತ್ತದೆ. ಇದು ಮನೆಯವರ ಕೈಗುಣದ ದೋಷವಲ್ಲ ಎಂದು ಈಗ ಭೌತಶಾಸ್ತ್ರಜ್ಞರೇ ಸಾಕ್ಷಿ ಹೇಳಿದ್ದಾರೆ. ಇಟಲಿಯ ವಿಜ್ಞಾನಿಗಳ ಒಂದು ತಂಡ ಚೀಸು ಕಾಯಿಸಿ, ಉಷ್ಣತೆ ಅಳೆದು, 2025ರಲ್ಲಿ ಪ್ರಬಂಧ ಪ್ರಕಟಿಸಿತು; ಅದೇ ವರ್ಷ ನಗಿಸಿ ಯೋಚಿಸುವಂತೆ ಮಾಡುವ ಇಗ್ ನೊಬೆಲ್ ಬಹುಮಾನವೂ ಬಂತು. ಅವರು ಕಂಡುಕೊಂಡದ್ದು ಇಷ್ಟು: ಬಿಸಿ ಹೆಚ್ಚಾದರೆ ಚೀಸಿನ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ. ನಡುವೆ ಪಿಷ್ಟ ಬಂದು ಕೂತರೆ ಹೆಣೆದುಕೊಳ್ಳಲು ಬಿಡುವುದಿಲ್ಲ. ಚೀಸಿನ ತೂಕದ ನೂರಕ್ಕೆ 2ರಿಂದ 3 ಪಾಲು ಪಿಷ್ಟ ಇದ್ದರೆ ಸಾಸು ಒಡೆಯುವುದಿಲ್ಲ. ಪಾಸ್ತಾ ಬೆಂದ ನೀರಿನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಆದ್ದರಿಂದ ಸ್ವಲ್ಪ ಜೋಳದ ಹಿಟ್ಟನ್ನು ನೀರಲ್ಲಿ ಕುದಿಸಿ ಗಂಜಿ ಮಾಡಿ, ಆರಿದ ಮೇಲೆ ಚೀಸಿಗೆ ಬೆರೆಸಿ ಎಂದು ಅವರ ಸಲಹೆ. ಜೋಳ ಅಂದರೆ ಮೆಕ್ಕೆಜೋಳ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಿ. ರಾಗಿ ಅಂಬಲಿ ಕಾಯಿಸುವವರಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಹಾಗೇ ಚೀಸನ್ನು ಉರಿಯಿಂದ ದೂರ ಬೇರೆ ಬಟ್ಟಲಲ್ಲಿ ಕದಡಿಕೊಂಡು, ಒಲೆ ಆರಿಸಿ, ಪಾಸ್ತಾ ಕೊಂಚ ತಣಿದ ಮೇಲೆ ಸೇರಿಸಬೇಕು.

ಮೆಣಸಿನ ವಿಷಯಕ್ಕೆ ಬಂದರೆ ನಮಗೆ ಸ್ವಲ್ಪ ಹೆಮ್ಮೆ ಪಡುವ ಹಕ್ಕಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಯಾತ್ರಿಕ 1623ರಲ್ಲಿ ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ವೆಂಕಟಪ್ಪ ನಾಯಕನ ಸೀಮೆಯ ಮೆಣಸಿಗಾಗಿ ಪೋರ್ಚುಗೀಸರು ಬಾಗಿಲು ಕಾಯುತ್ತಿದ್ದ ಕಾಲ ಅದು. ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನೂ ಕಂಡು ಮಾತಾಡಿದ. ಅವನು ಊರಿಗೆ ಬರೆದ ಕಾಗದಗಳು ನಮ್ಮ ಇತಿಹಾಸಕಾರರಿಗೆ ಇವತ್ತಿಗೂ ಆಧಾರ. ಮಲೆನಾಡಿನ ಮೆಣಸನ್ನು ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಕಲ್ಲಿನಲ್ಲಿ ದಪ್ಪಗೆ ಕುಟ್ಟಿ ಹಾಕಿದರೆ ರೋಮಿನವರೂ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆಂದು ನನ್ನ ನಂಬಿಕೆ. ಪುಡಿ ಮೆಣಸಿನ ಡಬ್ಬಿ ಮಾತ್ರ ಮುಟ್ಟಬೇಡಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಹೋಟೆಲಿನ ಮೆನು ಹೇಳುವುದಿಲ್ಲ. ಅಸಲಿ ಪಾರ್ಮಿಜಾನೊ ರೆಜಾನೊದಲ್ಲಿ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನೇ ಬಳಸಬೇಕೆಂದು ನಿಯಮ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಈ ಸಂಗತಿ ಗೊತ್ತಾದ ದಿನ ನಮ್ಮ ಮನೆಯ ಫ್ರಿಜ್ಜಿನಿಂದ ಎರಡೂ ಹೊರಟುಹೋದವು. ಈಗ ಹಸಿರು ಚುಕ್ಕೆ ಇರುವ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸುವ ಚೀಸುಗಳು ನಮ್ಮಲ್ಲೇ ಸಿಗುತ್ತವೆ. ಇಟಲಿಯ ವಲೊಂಬ್ರೋಸ ಪಂಥದ ಸನ್ಯಾಸಿಗಳು ಬೆಂಗಳೂರಿನಲ್ಲೇ ಮೊಜರೆಲ್ಲಾ, ರಿಕೊಟ್ಟಾ ಮಾಡಿ ಮಾರುತ್ತಾರೆ. ಆದರೆ ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಸಿಸಿಲಿ, ಕಲಾಬ್ರಿಯಾದ ಬಡವರು ಕಂಡುಕೊಂಡ ದಾರಿ. ಚೀಸು ಕೊಳ್ಳುವ ಶಕ್ತಿ ಇಲ್ಲದ ಆ ಮನೆಗಳಲ್ಲಿ ಹಳಸಲು ಬ್ರೆಡ್ಡನ್ನು ಪುಡಿ ಮಾಡಿ, ಆಲಿವ್ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಪಾಸ್ತಾ ಮೇಲೆ ಉದುರಿಸುತ್ತಿದ್ದರು. ಆಲ್ಯೊ ಎ ಓಲ್ಯೊ ಮೇಲೆ ಇದನ್ನು ಹಾಕಿ ತಿಂದು ನೋಡಬೇಕು. ಬ್ರೆಡ್ಡಿನ ಪುಡಿ ಎಣ್ಣೆಯಲ್ಲಿ ಚಿಟಪಟ ಅಂದ ದಿನ ಅತ್ತೆಯವರ ಮುಖ ಅರಳಿತು. “ಅಯ್ಯೋ, ಇದೇ ಒಗ್ಗರಣೆ ಕಣೆ! ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ದೆ?”

ಇನ್ನು ಶಾಸ್ತ್ರದ ಮಾತು. ಮಡಿ ಮಡಿ ಎಂದು ನಮ್ಮ ಅಜ್ಜಿಯರನ್ನು ಆಡಿಕೊಳ್ಳುವವರು ಒಮ್ಮೆ ಬೊಲೊನ್ಯಾಕ್ಕೆ ಹೋಗಿಬರಬೇಕು. ಆ ಊರಿನ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಒಂದು ಪಾಸ್ತಾ ಎಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬೆಂದ ತಾಲ್ಯಾತೆಲ್ಲೆಯ ಅಗಲ 8 ಮಿಲಿಮೀಟರ್ ಇರಬೇಕು, ಅಂದರೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಪಾಲು, ಎಂದು 1972ರಲ್ಲಿ ದಾಖಲೆಯಾಯಿತು. ಅದರ ಮೇಲೆ ಹಾಕುವ ಮಾಂಸದ ರಗೂ ಪಾಕವಿಧಾನವನ್ನು ಇಟಲಿಯ ಅಡುಗೆ ಅಕಾಡೆಮಿಯವರು 1982ರಲ್ಲಿ ಅಲ್ಲೇ ನೋಂದಾಯಿಸಿದರು. ನಾವು ಸೈಟು ನೋಂದಾಯಿಸಲು ಓಡಾಡುತ್ತಿದ್ದ ಕಾಲದಲ್ಲಿ ಅವರು ಸಾರು ನೋಂದಾಯಿಸುತ್ತಿದ್ದರು. ಆಮೇಲೆ 2023ರಲ್ಲಿ ಅದೇ ಅಕಾಡೆಮಿಯವರು ಕೂತು, ಜನ ಈಗ ಮಾಡುವ ರೀತಿಗೆ ಹೊಂದುವಂತೆ ಪಾಠ ತಿದ್ದಿದರು.

ಕಾರ್ಬೊನಾರಾ ಕಥೆ ಇನ್ನೂ ತಮಾಷೆ. ಹಂದಿಯ ಕೆನ್ನೆಯ ಮಾಂಸ, ಮೊಟ್ಟೆ, ಪೆಕೊರಿನೊ, ಮೆಣಸು, ಇಷ್ಟೇ. ಯಾರಾದರೂ ಕ್ರೀಮ್ ಹಾಕಿದರೆ ರೋಮಿನವರಿಗೆ ಮೈಯೆಲ್ಲ ಉರಿ. ನಮ್ಮ ಮನೆಯಲ್ಲಿ ಇದು ಒಲೆ ಹತ್ತುವುದಿಲ್ಲ, ಕಥೆ ಮಾತ್ರ ಒಳಗೆ ಬಂದಿದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಯಾವ ಅಡುಗೆ ಪುಸ್ತಕದಲ್ಲೂ ಕಾರ್ಬೊನಾರಾ ಹೆಸರಿಲ್ಲ. ರೋಮಿಗೆ ಬಂದ ಅಮೆರಿಕದ ಸೈನಿಕರ ಬೇಕನ್, ಮೊಟ್ಟೆಯ ರೇಷನ್ನಿನಿಂದ ಇದು ಹುಟ್ಟಿತು ಅನ್ನುವವರೇ ಹೆಚ್ಚು. ಇದರ ಪಾಕವಿಧಾನ ಮೊದಲು ಅಚ್ಚಾದದ್ದು 1952ರಲ್ಲಿ, ಅದೂ ಚಿಕಾಗೊದಲ್ಲಿ. ಎರಡು ವರ್ಷದ ನಂತರ ಇಟಲಿಯ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಬೆಳ್ಳುಳ್ಳಿ ಇತ್ತು, ಸ್ವಿಟ್ಜರ್‌ಲೆಂಡಿನ ಗ್ರುಯೇರ್ ಚೀಸು ಇತ್ತು. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ತಾವು ರವೆ ಇಡ್ಲಿ ಕಂಡುಹಿಡಿದೆವು ಎಂದು ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಹಾಗಾದರೆ ಕಾರ್ಬೊನಾರಾ, ರವೆ ಇಡ್ಲಿ ಎರಡೂ ಒಂದೇ ಓರಗೆಯವು. ರವೆ ಇಡ್ಲಿಗೆ ಗೋಡಂಬಿ ಹಾಕದಿದ್ದರೆ ನಾವು ಯಾರ ಮೇಲೂ ಜಗಳಕ್ಕೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಪಾರ್ಮಾ ವಿಶ್ವವಿದ್ಯಾಲಯದ ಆಲ್ಬೆರ್ತೊ ಗ್ರಾಂದಿ ಎಂಬ ಪ್ರಾಧ್ಯಾಪಕರು ಇಂಥ ಪುರಾಣಗಳನ್ನು ಒಂದೊಂದಾಗಿ ಬಿಚ್ಚಿ ಬರೆದು ಊರವರಿಂದ ಬೈಸಿಕೊಳ್ಳುತ್ತಿದ್ದಾರೆ.

ಶಾಸ್ತ್ರಕ್ಕೆ ಅಷ್ಟು ವಯಸ್ಸಾಗಿಲ್ಲ ಎಂದು ಗೊತ್ತಾದ ಮೇಲೂ ನಾನು ಅದನ್ನು ಪಾಲಿಸುತ್ತೇನೆ, ಕಡೇಪಕ್ಷ ಮೊದಲ ಕೆಲವು ಸಲ. ಪುರಾತನ ಎಂಬ ಭಕ್ತಿಯಿಂದಲ್ಲ. ನನ್ನ ಕೈಗೆ ಅಂಥದ್ದೊಂದು ಬೇಲಿ ಬೇಕು. ನಿಯಮ ಇಲ್ಲದಿದ್ದರೆ ಮೂರನೆಯ ನಿಮಿಷಕ್ಕೆ ಚಿಟಿಕೆ ಜೀರಿಗೆ ಪುಡಿ, ನಾಲ್ಕನೆಯದಕ್ಕೆ ಕೊತ್ತಂಬರಿ ಸೊಪ್ಪು, ಆಮೇಲೆ ಹೇಗೂ ಇದೆಯಲ್ಲ ಎಂದು ನೆನ್ನೆಯ ಬಟಾಣಿ. ಬೆಳ್ಳುಳ್ಳಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ತಿರುಗಿ ಅಲ್ಲಿಗೇ ನಿಂತರೆ ಅದರ ರುಚಿ ಏನು ಅನ್ನುವುದು, ಅದೊಂದನ್ನು ಬಿಟ್ಟು ಮತ್ತೇನೂ ಇಲ್ಲದ ತಟ್ಟೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಬೇಲಿ ಇಲ್ಲದೆಯೂ ದಾರಿ ತಪ್ಪದವರಿದ್ದರು. ಪೆಲ್ಲೆಗ್ರಿನೊ ಆರ್ತೂಸಿ ರೇಷ್ಮೆ ವ್ಯಾಪಾರಿ, ಬ್ರಹ್ಮಚಾರಿ. ವ್ಯಾಪಾರ ಬಿಟ್ಟ ಮೇಲೆ ಫ್ಲಾರೆನ್ಸಿನಲ್ಲಿ ಕೂತು ಅಡುಗೆ ಪುಸ್ತಕ ಬರೆದರು. ಯಾವ ಪ್ರಕಾಶಕರೂ ಒಪ್ಪದಿದ್ದಾಗ 1891ರಲ್ಲಿ ಸ್ವಂತ ದುಡ್ಡಿನಿಂದ ಅಚ್ಚು ಹಾಕಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಓದಿದ ಗೃಹಿಣಿಯರು ಕಾಗದ ಬರೆದು ತಮ್ಮ ಮನೆಯ ವಿಧಾನ ತಿಳಿಸತೊಡಗಿದರು. 475 ಪಾಕವಿಧಾನಗಳಿದ್ದ ಪುಸ್ತಕ ಬೆಳೆದು ಬೆಳೆದು 790 ಮುಟ್ಟಿತು. ಅದರಲ್ಲಿ ತರಕಾರಿ ಸೂಪು ಮಿನೆಸ್ತ್ರೋನೆ ಬಗ್ಗೆ ಬರೆಯುವಾಗ ಆರ್ತೂಸಿ 1855ರ ಒಂದು ಘಟನೆ ಹೇಳುತ್ತಾರೆ. ಲಿವೋರ್ನೊದ ಹೋಟೆಲೊಂದರಲ್ಲಿ ಮಿನೆಸ್ತ್ರೋನೆ ತಿಂದ ರಾತ್ರಿ ಹೊಟ್ಟೆ ಕೆಟ್ಟು ಒದ್ದಾಡಿ, ಸೂಪಿಗೆ ಶಾಪ ಹಾಕುತ್ತ ಬೆಳಿಗ್ಗೆ ಊರು ಬಿಟ್ಟರಂತೆ. ಆಮೇಲೆ ಸುದ್ದಿ ಬಂತು, ಊರಿಗೆ ಕಾಲರಾ ಬಂದಿತ್ತು. ಅವರು ತಂಗಿದ್ದ ಮನೆಯ ಯಜಮಾನನೇ ಅದಕ್ಕೆ ಬಲಿಯಾಗಿದ್ದ. ಸೂಪು ನಿರಪರಾಧಿ ಎಂದು ಸಾರಿ, ತಮ್ಮ ರುಚಿಗೆ ತಿದ್ದಿ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ ಎಂದು ವಿಧಾನ ಕೊಟ್ಟರು. ಅಡುಗೆ ಪುಸ್ತಕ ಅಂದರೆ ಹೀಗಿರಬೇಕು. ಹುರುಳಿಕಾಯಿ, ಎಲೆಕೋಸು, ಕ್ಯಾರೆಟ್ಟು, ಒಂದು ಹಿಡಿ ಅಕ್ಕಿ ಇದ್ದರೆ ಮಳೆಗಾಲದ ಸಂಜೆಗೆ ಮಿನೆಸ್ತ್ರೋನೆಗಿಂತ ಒಳ್ಳೆಯದಿಲ್ಲ.

2025ರ ಡಿಸೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ಸಭೆಯಲ್ಲಿ ಯುನೆಸ್ಕೊ ಇಟಲಿಯ ಅಡುಗೆಯನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಅದೇ ಸಭೆಯಲ್ಲಿ ನಮ್ಮ ದೀಪಾವಳಿಯನ್ನೂ ಸೇರಿಸಿತು. ಇಟಲಿಗೆ ಮನ್ನಣೆ ಸಿಕ್ಕಿದ್ದು ಯಾವುದೋ ಒಂದು ತಿನಿಸಿಗಲ್ಲ. ಮನೆಮಂದಿ ಸೇರಿ ಮಾಡಿ, ಉಳಿದದ್ದನ್ನು ಬಿಸಾಡದೆ, ಒಟ್ಟಿಗೆ ಕೂತು ಉಣ್ಣುವ ರೂಢಿಗೆ. ಬ್ರೆಡ್ಡಿನ ಪುಡಿಗೂ ಅದರಲ್ಲಿ ಪಾಲಿದೆ ಅಂದುಕೊಂಡಿದ್ದೇನೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ರಿಸೊಟ್ಟೊ ಅಕ್ಕಿಯನ್ನು ತೊಳೆಯಬಾರದು. ಮೇಲಿನ ಪಿಷ್ಟ ಹೋದರೆ ಆ ನುಣುಪು ಬರುವುದಿಲ್ಲ. ಅತ್ತೆ ಆ ಹೊತ್ತಿಗೆ ಎದ್ದು ದೇವರಮನೆಗೆ ಹೋಗುತ್ತಾರೆ. ಸೋನಾ ಮಸೂರಿಯಲ್ಲಿ ರಿಸೊಟ್ಟೊ ಮಾಡಲು ಹೋಗಬೇಡಿ, ಅದು ಪೊಂಗಲ್ ಆಗಲು ಹುಟ್ಟಿದ್ದು. ಪೆಸ್ತೊಗೆ ಬೇಕಾದ ಬೇಸಿಲ್ ನಮ್ಮ ಕಾಮಕಸ್ತೂರಿಯ ಬಳಗವೇ, ಜೆನೋವಾದ ತಳಿ ಇನ್ನೂ ಮೃದು. ಎಲೆ ಮಿಕ್ಸಿಯ ಬಿಸಿಗೆ ಕಪ್ಪಾಗುತ್ತದೆ. ಜೆನೋವಾದವರು ಅಮೃತಶಿಲೆಯ ಒರಳಿನಲ್ಲಿ ಮರದ ಕುಟ್ಟಾಣಿಯಿಂದ ಜಜ್ಜುತ್ತಾರೆ. ಅಟ್ಟದ ಮೇಲಿಟ್ಟ ಕಲ್ಲನ್ನು ಕೆಳಗಿಳಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಕೊನೆಗೆ ಊಟಕ್ಕೆ ಬರುವವರಲ್ಲಿ ಒಂದು ವಿನಂತಿ. ನಮ್ಮ ಹುಳಿ ಸಾರು ಕಾದಷ್ಟೂ ರುಚಿಯಾಗುತ್ತವೆ, ಮಾರನೆಯ ದಿನಕ್ಕೆ ಇನ್ನೂ ಚೆನ್ನ. ಪಾಸ್ತಾ ಐದು ನಿಮಿಷವೂ ಕಾಯುವುದಿಲ್ಲ. ಅಂಟಾಗಿ, ತಣ್ಣಗಾಗಿ, ಬಿಸಿ ಮಾಡಿದರೆ ಮತ್ತಷ್ಟು ಹಾಳಾಗುತ್ತದೆ. ಇಟಲಿಯಲ್ಲಿ ಊಟದವರು ಪಾಸ್ತಾಕ್ಕಾಗಿ ಕಾಯಬೇಕು, ಪಾಸ್ತಾ ಊಟದವರಿಗಾಗಿ ಕಾಯುವುದಿಲ್ಲ. ಒಂದು ಗಂಟೆ ಅಂದರೆ ಒಂದು ಗಂಟೆಗೇ ಬನ್ನಿ. ಸಿಲ್ಕ್‌ಬೋರ್ಡ್ ದಾಟಿ ಬರಬೇಕಾದವರು ಹಿಂದಿನ ದಿನವೇ ತಿಳಿಸಿ, ಬಿಸಿಬೇಳೆಬಾತ್ ಮಾಡಿಟ್ಟಿರುತ್ತೇನೆ.